ಹೂ ಮುಚ್ಚಿದ ಮೇಲೆ

ಫೆಬ್ರವರಿ ೯

ಅಳಿಯಂದಿರಿಗೆ,

ನೀವು ಹಾಲಿನ ವ್ಯಾನಿನಲ್ಲಿ ಕಳಿಸಿದ ಕಲ್ಲಂಗಡಿ ಮೂಟೆ ಅದೇ ವ್ಯಾನಿನಲ್ಲಿ ವಾಪಸ್ ಬರುತ್ತಿದೆ. ಒಂದನ್ನೂ ಕೊಯ್ದಿಲ್ಲ, ಬೇಕಾದರೆ ತಟ್ಟಿ ನೋಡಿಕೊಳ್ಳಿ. ಫೋನಿನಲ್ಲಿ ನಾನು ಬಾಯಿ ತೆರೆದರೆ ಸಾಕು, "ಸಿಗ್ನಲ್ ಇಲ್ಲ ಅತ್ತೆ" ಅನ್ನುತ್ತೀರಿ. ಕಾಗದಕ್ಕೆ ಸಿಗ್ನಲ್ ಬೇಡ, ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ಬೆಳಿಗ್ಗೆ ನೀವು ನೋಡಿಕೊಳ್ಳುವ ತೋಟದಲ್ಲಿ ಔಷಧ ಹೊಡೆಸಿದಿರಿ. ಬಳ್ಳಿಯ ತುಂಬ ಹೂ ಬಿರಿದಿದ್ದ ಹೊತ್ತು. ನಮ್ಮ ಜೇನುಪೆಟ್ಟಿಗೆಗಳು ಕಾಲುವೆ ದಂಡೆಯ ಮೇಲೆ, ನಿಮ್ಮ ಬೇಲಿಗೆ ಬೆನ್ನು ತಾಗಿಸಿಕೊಂಡೇ ಇವೆ ಎಂದು ನಿಮಗೆ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಅಲ್ಲಿ ನಿಂತು ಫೋಟೋ ತೆಗೆಸಿಕೊಂಡವರು ನೀವು.

ಆಮೇಲೆ ಏನಾಯಿತು ಎಂದು ನೀವು ನೋಡಲಿಲ್ಲ, ನಾನು ನೋಡಿದೆ. ಹಾರಿಹೋದ ಹುಳುಗಳು ಕುಡಿದವರ ಹಾಗೆ ತೂರಾಡುತ್ತ ಬಂದವು. ಪೆಟ್ಟಿಗೆಯ ಬಾಯಿಯವರೆಗೂ ಬರಲಾಗದೆ ದಂಡೆಯ ಮೇಲೆ ಅಂಗಾತ ಬಿದ್ದು ಗಿರಗಿರ ತಿರುಗಿದವು. ಸಂಜೆಯ ಹೊತ್ತಿಗೆ ಪ್ರತಿ ಪೆಟ್ಟಿಗೆಯ ಮುಂದೆಯೂ ಒಂದು ಕಪ್ಪು ಚಾಪೆ. ಸತ್ತವುಗಳ ನಾಲಿಗೆ ಹೊರಗೆ ಚಾಚಿತ್ತು. ನಮ್ಮ ಗುಂಪಿನ ಟೈಲರಮ್ಮ ಅವನ್ನು ಮೊರದಲ್ಲಿ ತುಂಬುತ್ತ ಒಂದು ಮಾತೂ ಆಡಲಿಲ್ಲ. ದಾರ ಪೋಣಿಸಲು ಕಣ್ಣು ಕೈಕೊಟ್ಟ ಮೇಲೆ ಆಕೆಯ ಹೊಲಿಗೆ ಯಂತ್ರಕ್ಕೆ ಮನೆಯವರು ಬಟ್ಟೆ ಮುಚ್ಚಿಟ್ಟಿದ್ದರು, ಆಕೆಯ ಬಾಯಿಗೂ. ಜೇನು ಬಂದ ಮೇಲೆ ಮಾತು ವಾಪಸ್ ಬಂದಿತ್ತು.

ನಾನೂ ನಿಮ್ಮ ಯಜಮಾನರ ತೋಟದಲ್ಲಿ ಕಲ್ಲಂಗಡಿ ಹೊತ್ತವಳೇ. ಮಂಡಿ ನೋವಿನಿಂದ ಹೊರಲಾರದಾದ ದಿನ "ನಾಳೆಯಿಂದ ಬರಬೇಡ" ಅಂದರು, ಅಷ್ಟೆ. ಆಮೇಲೆ ನಾವು ಐದು ಜನ ಹೆಂಗಸರು ಸೇರಿ ಜೇನು ಕಲಿತು, ಮುಖ ಊದಿಸಿಕೊಂಡು, ಯಾರ ಮುಂದೆಯೂ ಕೈಯೊಡ್ಡದೆ ಮನೆ ನಡೆಸುತ್ತಿದ್ದೇವೆ. ನಮ್ಮ ಹುಳುಗಳು ಓಡಾಡಿದ್ದಕ್ಕೇ ನಿಮ್ಮ ಬಳ್ಳಿ ಕಾಯಿ ಕಚ್ಚುವುದು. ಅದಕ್ಕೆ ನಾವು ಯಾವತ್ತೂ ಕೂಲಿ ಕೇಳಿಲ್ಲ.

ಈಗ ಕೇಳುತ್ತಿರುವುದೂ ಕೂಲಿಯಲ್ಲ. ಕಲ್ಲಂಗಡಿ ಹೂ ಬೆಳಿಗ್ಗೆ ಅರಳಿ ಮಧ್ಯಾಹ್ನದ ಮೇಲೆ ಮುಚ್ಚಿಕೊಳ್ಳುತ್ತದೆ. ಔಷಧ ಹೊಡೆಯಲೇಬೇಕೆಂದಿದ್ದರೆ ಹೂ ಮುಚ್ಚಿದ ಮೇಲೆ, ಹೊತ್ತು ಇಳಿದ ಮೇಲೆ ಹೊಡೆಯಿರಿ. ಹಿಂದಿನ ದಿನ ಒಂದು ಮಾತು ತಿಳಿಸಿ, ಪೆಟ್ಟಿಗೆಯ ಬಾಯಿ ಮುಚ್ಚಿಕೊಳ್ಳುತ್ತೇವೆ. ಇದನ್ನು ಯಜಮಾನರ ಬಾಯಿಂದಲೇ ಕೇಳಬೇಕು ನಾವು. ಹಣ್ಣಿನ ಮೂಟೆಯ ಬಾಯಿಂದ ಅಲ್ಲ.

ನಿಮ್ಮ ಅತ್ತೆ


ಫೆಬ್ರವರಿ ೧೩

ಅತ್ತೆಯವರಿಗೆ ನಮಸ್ಕಾರಗಳು.

ಮೂಟೆ ತಲುಪಿತು. ಹಾಲಿನವನು ಅದನ್ನು ಆಫೀಸಿನ ಎದುರು, ಎಲ್ಲರೂ ನೋಡುವ ಹಾಗೆ ಇಳಿಸಿ, "ನಿಮ್ಮತ್ತೆಗೆ ಹಣ್ಣು ಹಿಡಿಸ್ಲಿಲ್ವಂತೆ" ಎಂದು ಹೇಳಿ ಹೋದ. ಎರಡು ದಿನದಿಂದ ಕೂಲಿಯವರು ನನ್ನನ್ನು ಕಂಡಾಗಲೆಲ್ಲ ಹಣ್ಣು ತಟ್ಟಿ ನೋಡುತ್ತಿದ್ದಾರೆ.

ಆದದ್ದಕ್ಕೆ ನನಗೂ ಬೇಜಾರಿದೆ. ಆದರೆ ನನ್ನ ಕಡೆಯಿಂದಲೂ ಸ್ವಲ್ಪ ಯೋಚಿಸಬೇಕು. ಔಷಧ ಹೊಡೆಯುವ ಟ್ರ್ಯಾಕ್ಟರು ನಮ್ಮದಲ್ಲ, ಬಾಡಿಗೆಯದು. ಸರದಿಯ ಪ್ರಕಾರ ಬೆಳಿಗ್ಗೆ ಬರುತ್ತದೆ. ಸಂಜೆ ಬಾ ಎಂದರೆ ಡ್ರೈವರ್ ಹೆಚ್ಚು ಕೇಳುತ್ತಾನೆ. ಯಜಮಾನರಿಗೆ ನಿಮ್ಮ ಮಾತು ಮುಟ್ಟಿಸಿದೆ. ಔಷಧ ಇರುವುದೇ ಹುಳಕ್ಕೆ, ಯಾವ ಹುಳ ಯಾರದು ಎಂದು ಕೇಳಿಕೊಂಡು ಕೊಲ್ಲುವುದಕ್ಕೆ ಅದಕ್ಕೇನು ಬುದ್ಧಿ ಇದೆಯೇ ಎಂದು ನಕ್ಕುಬಿಟ್ಟರು. ಸುತ್ತ ಇದ್ದವರೂ ನಕ್ಕರು. ನಾನು ನಗಲಿಲ್ಲ. ಇದನ್ನು ನೀವು ನಂಬಬೇಕು.

ಎರಡು ವರ್ಷ ಕೆಲಸವಿಲ್ಲದೆ ಅಲೆದು ಸಿಕ್ಕಿದ ಸೂಪರ್‌ವೈಸರ್ ಕೆಲಸ ಇದು. ನಾವಿರುವ ಮನೆಯೂ ತೋಟದ್ದೇ. ದಯವಿಟ್ಟು ಯಜಮಾನರ ಹತ್ತಿರ ನೇರವಾಗಿ ಹೋಗಬೇಡಿ. ಸಮಯ ನೋಡಿ ನಾನೇ ಇನ್ನೊಮ್ಮೆ ಹೇಳುತ್ತೇನೆ.

ನಿಮ್ಮ ಮಗಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಬೆಳಿಗ್ಗೆ ಎದ್ದು ಹಣ್ಣು ತುಂಬುವ ಶೆಡ್ಡಿಗೆ ಹೋಗುತ್ತಾಳೆ, ಸಂಜೆ ಬಂದು ಗೋಡೆಯ ಕಡೆ ತಿರುಗಿ ಕೂರುತ್ತಾಳೆ. ಊಟ ಬಡಿಸುತ್ತಾಳೆ, ತಟ್ಟೆ ಮಾತ್ರ ಸ್ವಲ್ಪ ಜೋರಾಗಿ ಇಡುತ್ತಾಳೆ. ನೀವಾದರೂ ಅವಳಿಗೆ ಬುದ್ಧಿ ಹೇಳಿ.

ಇತಿ ನಿಮ್ಮ ಅಳಿಯ


ಮಾರ್ಚ್ ೪

ಅಳಿಯಂದಿರಿಗೆ,

ಹೋಗಬೇಡಿ ಅಂದಿರಿ, ಹೋದೆವು. ನೀವೂ ಅಲ್ಲೇ ಇದ್ದಿರಿ. ಆದರೂ ಬರೆಯುತ್ತೇನೆ, ಯಾಕೆಂದರೆ ನೀವು ಅಷ್ಟು ಹೊತ್ತೂ ಗೋಡೆಯ ಮೇಲಿನ ಕ್ಯಾಲೆಂಡರನ್ನೇ ನೋಡುತ್ತಿದ್ದಿರಿ.

ಐದು ಜನರನ್ನೂ ಆಫೀಸಿನ ಜಗುಲಿಯಲ್ಲಿ ನಿಲ್ಲಿಸಿದರು. ಒಳಗೆ ಫ್ಯಾನು ತಿರುಗುತ್ತಿತ್ತು, ಖಾಲಿ ಕುರ್ಚಿಗಳಿದ್ದವು. ನನ್ನ ಮಂಡಿ ನೋಯುತ್ತಿತ್ತು, ಆದರೆ ಕೂರಲಿಲ್ಲ. ನೆಲದ ಮೇಲೆ ಕೂತರೆ ಬೇಡಲು ಬಂದವರ ಹಾಗೆ ಕಾಣುತ್ತೇವೆ ಎಂದು ಟೈಲರಮ್ಮ ಮೊದಲೇ ಎಚ್ಚರಿಸಿದ್ದಳು. ನಿಮ್ಮ ಯಜಮಾನರು ಬಂದರು, ಪೂರ್ತಿ ಕೇಳಿಸಿಕೊಳ್ಳಲಿಲ್ಲ, ಅಂದರು: "ಜೇನು ನಿಮ್ದು, ಹೂವು ನಂದು. ನನ್ನ ಹೂವಿನ ಮೇಲೆ ಕೂರ್ಬೇಡ ಅಂತ ನಿಮ್ಮ ನೊಣಕ್ಕೆ ಹೇಳ್ಕೊಳ್ಳಿ."

ನಾನು ಅಂದೆ: "ಆಯ್ತು, ಹೇಳ್ತೀವಿ."

ಅವರು ನಕ್ಕರು. ನಾನು ತಮಾಷೆ ಮಾಡಿದೆ ಅಂದುಕೊಂಡಿರಬೇಕು.

ನಿನ್ನೆ ಹೊತ್ತು ಮುಳುಗಿ ಹುಳುಗಳೆಲ್ಲ ಒಳಸೇರಿದ ಮೇಲೆ ಪೆಟ್ಟಿಗೆಯ ಬಾಯಿಗೆ ಜಾಲರಿ ಬಡಿದು, ಹಾಲಿನವನ ವ್ಯಾನಿಗೆ ಏರಿಸಿ, ಗುಡ್ಡದ ಆಚೆ ಬಿಟ್ಟುಹೋದ ಕಲ್ಲುಗಣಿಗೆ ಸಾಗಿಸಿದೆವು. ಅಲ್ಲಿ ಕುರುಚಲು ಗಿಡ ಇದೆ, ಕಾಡುಹೂ ಅಲ್ಪಸ್ವಲ್ಪ ಇದೆ. ತೋಟದಷ್ಟು ಸಮೃದ್ಧಿ ಇಲ್ಲ. ಜೇನು ಕಡಿಮೆ ಆಗುತ್ತದೆ, ನಮಗೆ ಗೊತ್ತು. ಕಾವಲಿಗೆ ಟಾರ್ಪಾಲು ಕಟ್ಟಿಕೊಂಡು ಸರದಿಯ ಮೇಲೆ ಇರುತ್ತೇವೆ. ಗಣಿಯ ಕಲ್ಲು ಮಧ್ಯಾಹ್ನ ಕಾದ ಹೆಂಚಾಗುತ್ತದೆ. ಆದರೂ ಅಲ್ಲಿ ಯಾರೂ ನಮ್ಮನ್ನು ನಿಲ್ಲಿಸಿ ಮಾತಾಡಿಸುವುದಿಲ್ಲ.

ಮಗಳಿಗೆ ಬುದ್ಧಿ ಹೇಳಿ ಅಂದಿರಿ. ಅವಳಿಗೆ ಬುದ್ಧಿ ಇರುವುದು ತಟ್ಟೆಯ ಸದ್ದಿನಲ್ಲೇ ಗೊತ್ತಾಗುತ್ತಿದೆ.

ನಿಮ್ಮ ಅತ್ತೆ


ಏಪ್ರಿಲ್ ೧೮

ಅತ್ತೆಯವರಿಗೆ,

ನೀವು ಉತ್ತರ ಬರೆಯುತ್ತೀರೋ ಇಲ್ಲವೋ ಗೊತ್ತಿಲ್ಲ, ಆದರೂ ಬರೆಯುತ್ತಿದ್ದೇನೆ. ನಿಮ್ಮ ಹುಳುಗಳಿಗೆ ನೀವು ಹೇಳಿದ್ದನ್ನು ಅವು ಸರಿಯಾಗಿಯೇ ಕೇಳಿಸಿಕೊಂಡಿವೆ.

ಹೊಸ ಬಿತ್ತನೆಯ ಬಳ್ಳಿ ಹೂ ಬಿಟ್ಟು ಹತ್ತಿರಹತ್ತಿರ ಎರಡು ವಾರ. ಇಷ್ಟು ಚೆನ್ನಾಗಿ ಹೂ ಬಂದದ್ದು ನಾನು ನೋಡಿಯೇ ಇಲ್ಲ. ಆದರೆ ಕಾಯಿ ನಿಲ್ಲುತ್ತಿಲ್ಲ. ನೆಲ್ಲಿಕಾಯಿ ಗಾತ್ರಕ್ಕೆ ಬಂದು, ಹಳದಿ ತಿರುಗಿ, ಮುಟ್ಟಿದರೆ ಉದುರುತ್ತದೆ. ನಿಂತ ಕೆಲವೂ ಸೊಟ್ಟ, ಒಂದು ಕಡೆ ಉಬ್ಬು, ಒಂದು ಕಡೆ ಚಪ್ಪಟೆ. ಬೆಳಿಗ್ಗೆ ತೋಟದಲ್ಲಿ ಎಷ್ಟು ನಿಶ್ಶಬ್ದ ಅಂದರೆ, ಮೊದಲು ಅಲ್ಲಿ ಸದ್ದು ಇತ್ತು ಎಂಬುದೇ ನನಗೆ ಈಗ ತಿಳಿಯುತ್ತಿದೆ.

ಯಜಮಾನರು ಶೆಡ್ಡಿನ ಹೆಂಗಸರನ್ನೆಲ್ಲ ಬಳ್ಳಿ ಸಾಲಿಗೆ ಇಳಿಸಿದ್ದಾರೆ. ಗಂಡುಹೂ ಕಿತ್ತು ಹೆಣ್ಣುಹೂವಿಗೆ ಕೈಯಲ್ಲೇ ಉಜ್ಜಬೇಕು. ಬೆನ್ನು ಬಗ್ಗಿಸಿ ಒಂದು ಸಾಲು ಮುಗಿಸುವಷ್ಟರಲ್ಲಿ ಬಿಸಿಲೇರಿ ಉಳಿದ ಹೂ ಮುಚ್ಚಿಕೊಳ್ಳುತ್ತವೆ. ನಿಮ್ಮ ಮಗಳೂ ಅವರಲ್ಲಿ ಒಬ್ಬಳು. ನಾನು ಬದುವಿನ ಮೇಲೆ ನಿಂತು ನೋಡಿಕೊಳ್ಳಬೇಕು. ಅವಳು ನಾನಿರುವ ಬದುವಿನ ಹತ್ತಿರ ಬಂದಾಗ ತಲೆ ಎತ್ತುವುದಿಲ್ಲ.

ಇನ್ನೂ ಒಂದು ತುಂಡು ಭೂಮಿಯ ಬಳ್ಳಿ ಹೂ ಬಿಡುವುದು ಬಾಕಿ ಇದೆ. ಅದೂ ಹೋದರೆ ತಪ್ಪು ನನ್ನ ತಲೆಗೇ. ಅತ್ತೆಯನ್ನು ಹಿಡಿತದಲ್ಲಿ ಇಟ್ಟುಕೊಳ್ಳಲಾಗದವನು ತೋಟ ಏನು ನೋಡುತ್ತಾನೆ ಎಂದು ಎಲ್ಲರ ಮುಂದೆ ಅಂದರು. ದೂರದ ಊರಿನಿಂದ ಲಾರಿಯಲ್ಲಿ ಜೇನುಪೆಟ್ಟಿಗೆ ತರಿಸುತ್ತೇನೆ ಎಂದೂ ಹೇಳುತ್ತಿದ್ದಾರೆ. ಆಮೇಲೆ ನಿಮ್ಮ ಪೆಟ್ಟಿಗೆಗಳಿಗೆ ದಂಡೆಯ ಮೇಲೂ ಜಾಗ ಇರುವುದಿಲ್ಲ.

ನನ್ನ ಮುಖ ನೋಡಿ ವಾಪಸ್ ತನ್ನಿ. ಕೆಲಸ ಹೋದರೆ ಮನೆಯೂ ಹೋಗುತ್ತದೆ. ಬೀದಿಗೆ ಬೀಳುವವಳು ನಿಮ್ಮ ಮಗಳೇ.

ಇತಿ ನಿಮ್ಮ ಅಳಿಯ


ಏಪ್ರಿಲ್ ೨೧

ಅಳಿಯಂದಿರಿಗೆ,

ನನ್ನ ಮಗಳನ್ನು ತಕ್ಕಡಿಗೆ ಹಾಕಬೇಡಿ. ಹಾಕಿದರೆ ನಾನು ಸೋಲುತ್ತೇನೆ ಎಂದು ನಿಮಗೆ ಗೊತ್ತು, ಅದಕ್ಕೇ ಹಾಕಿದ್ದೀರಿ.

ಇಲ್ಲಿ ನಾವು ಸುಖವಾಗಿಲ್ಲ. ಎರಡು ಪೆಟ್ಟಿಗೆಯ ಹುಳುಗಳು ಬಿಸಿಲು ತಾಳದೆ ಹಾರಿಹೋದವು. ಕಣ್ಣೆದುರೇ ಮೋಡದ ಹಾಗೆ ಎದ್ದು ಗುಡ್ಡ ದಾಟಿದವು, ಎಲ್ಲಾದರೂ ಇಳಿದು ಕೂರಲಿ ಎಂದು ನಾವು ಕೆಳಗೆ ನೀರು ಚಿಮುಕಿಸುತ್ತ ಹುಚ್ಚರ ಹಾಗೆ ಓಡಿದೆವು. ಟೈಲರಮ್ಮ ಸಾಕು, ವಾಪಸ್ ಹೋಗೋಣ ಅಂದಳು. ನಾನು ಬೈದೆ. ಅವಳು ಅತ್ತಳು. ಆಮೇಲೆ ನಾನೂ ಅತ್ತೆ. ಆಮೇಲೆ ಇಬ್ಬರೂ ಸೇರಿ ಪೆಟ್ಟಿಗೆಗಳನ್ನು ಬಂಡೆಯ ನೆರಳಿಗೆ ಸರಿಸಿ, ಗೋಣಿಚೀಲ ನೆನೆಸಿ ಹೊದಿಸಿದೆವು. ಈಗ ನಿಂತಿವೆ.

ಲಾರಿ ತರಿಸುವುದಿದ್ದರೆ ತರಿಸಲಿ. ಕೇಳಿದ್ದು ಅದೇ: ಹೂ ಮುಚ್ಚಿದ ಮೇಲೆ ಹೊಡೆಯಿರಿ, ಹಿಂದಿನ ದಿನ ತಿಳಿಸಿ. ಇಷ್ಟಕ್ಕೆ ಒಂದು ತೋಟ ಮುಳುಗಿಸಿಕೊಳ್ಳುವವರು ನಾವಲ್ಲ, ನಿಮ್ಮ ಯಜಮಾನರು.

ನಿಮ್ಮ ಮುಖ ನೋಡಿ ಅಂದಿರಿ. ಅವತ್ತು ಜಗುಲಿಯಲ್ಲಿ ನೋಡಲು ಪ್ರಯತ್ನಪಟ್ಟೆ. ಸಿಗಲಿಲ್ಲ.

ನಿಮ್ಮ ಅತ್ತೆ


ಮೇ ೬

ಅತ್ತೆಯವರಿಗೆ,

ಲಾರಿ ಬಂದಿತ್ತು. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಬರೆಯುವುದು ಸರಿ.

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಗೇಟಿಗೆ ಬಂತು. ಪೆಟ್ಟಿಗೆಗಳ ಮೇಲೆ ಬಲೆ, ಬಲೆಯ ಮೇಲೆ ಹಗ್ಗ. ಜೇನುಗಾರ ವಯಸ್ಸಾದ ಮನುಷ್ಯ, ಕೆಳಗಿಳಿದು ಮೊದಲು ಕೈಕಾಲು ತೊಳೆದ. ಯಜಮಾನರು ಹಾರ ಹಾಕುವವರ ಹಾಗೆ ಎದುರು ಹೋಗಿದ್ದರು. ನಾನು ಬೀಗದ ಕೈ ಹಿಡಿದು ಗೇಟಿನ ಪಕ್ಕ ನಿಂತಿದ್ದೆ. ಶೆಡ್ಡಿನ ಹೆಂಗಸರು ಸಾಲಿಗೆ ಇಳಿಯಲು ಬಂದವರು ಅಲ್ಲೇ ನಿಂತು ನೋಡುತ್ತಿದ್ದರು, ನಿಮ್ಮ ಮಗಳೂ.

ಆತ ಬಳ್ಳಿ ನೋಡಿದ, ನೀರು ಎಲ್ಲಿದೆ ಎಂದು ವಿಚಾರಿಸಿದ. ಆಮೇಲೆ ಹಗ್ಗ ಬಿಚ್ಚಲು ಕೈಯಿಟ್ಟವನು ಸುಮ್ಮನೆ ವಾಡಿಕೆಯ ಮಾತಿನ ಹಾಗೆ ಕೇಳಿದ: "ಇಲ್ಲಿ ಔಷಧ ಯಾವಾಗ ಹೊಡೀತೀರಿ?"

"ಸಂಜೆ" ಎಂದರು ಯಜಮಾನರು.

ಆ ಮನುಷ್ಯ ನನ್ನ ಕಡೆ ನೋಡಿದ. ಸಂಶಯದಿಂದಲ್ಲ. ತೋಟ ನೋಡಿಕೊಳ್ಳುವವನು ನಾನು ತಾನೆ, ತಲೆಯಾಡಿಸುತ್ತೇನೆ ಎಂದು. ಅಲ್ಲಿ ಕ್ಯಾಲೆಂಡರ್ ಇರಲಿಲ್ಲ, ಅತ್ತೆ.

"ಬೆಳಿಗ್ಗೆ" ಅಂದೆ. "ಹೂ ಬಿಟ್ಟಾಗಲೇ ಹೊಡೀತೀವಿ. ಈ ವಾರಾನೂ ಇದೆ."

ಧೈರ್ಯ ಬಂತು ಎಂದು ಹೇಳಲಾರೆ. ಸುಳ್ಳು ಹೇಳಲು ಬಾಯಿ ತೆರೆದದ್ದೇ ನಿಜ. ಬಂದದ್ದು ಇದು.

ಆತ ಹಗ್ಗದ ಮೇಲಿನ ಕೈ ತೆಗೆದ. ಜಗಳವಾಡಲಿಲ್ಲ. ಹಿಂದೊಮ್ಮೆ ಹೀಗೇ ಒಂದು ಕಡೆ ಅರ್ಧ ಲಾರಿ ಕಳೆದುಕೊಂಡಿದ್ದನಂತೆ, ಅಷ್ಟು ಹೇಳಿ ಡ್ರೈವರಿಗೆ ತಿರುಗಿಸಲು ಹೇಳಿದ. ಯಜಮಾನರು ಅವನ ಹಿಂದೆ ಸ್ವಲ್ಪ ದೂರ ಓಡಿದರು. ವಾಪಸ್ ಬಂದು ನನ್ನ ಮುಂದೆ ಕೈ ಚಾಚಿದರು. ಬೀಗದ ಕೈಗಳನ್ನು ಕೊಟ್ಟೆ. ತಿಂಗಳ ಕೊನೆಯೊಳಗೆ ಮನೆ ಖಾಲಿ ಮಾಡಬೇಕು.

ನಾನು ಏನನ್ನೂ ಕೇಳಲು ಬರೆದದ್ದಲ್ಲ. ಬಸ್ ನಿಲ್ದಾಣದ ಹಿಂದಿನ ಗೋದಾಮಿನಲ್ಲಿ ಮೂಟೆ ಎತ್ತುವ ಕೆಲಸ ಸಿಗುವ ಹಾಗಿದೆ. ನಿಮ್ಮ ಮಗಳು ಆ ರಾತ್ರಿ ಮಾತಾಡಿದಳು. ಏನು ಮಾತಾಡಿದಳು ಎಂಬುದನ್ನು ನಾನು ಬರೆಯುವುದಿಲ್ಲ.

ನಿಮ್ಮ ಅಳಿಯ


ಮೇ ೧೫

ಅಳಿಯಂದಿರಿಗೆ,

ನಿಮ್ಮ ಕಾಗದವನ್ನು ಗಣಿಯಲ್ಲಿ ಎಲ್ಲರೂ ಕೂತು ಓದಿದೆವು. ಟೈಲರಮ್ಮ ಎರಡು ಸಲ ಓದಿಸಿಕೊಂಡಳು. ಹೊಗಳಿಕೆ ನನಗೆ ಬರುವುದಿಲ್ಲ, ಅದನ್ನು ಅವಳೇ ಬಂದು ಮಾಡುತ್ತಾಳಂತೆ.

ನಿನ್ನೆ ನಿಮ್ಮ ಯಜಮಾನರು ಇಲ್ಲಿಗೆ ಬಂದರು. ಕಾರು ಗುಡ್ಡ ಹತ್ತಲಿಲ್ಲ, ನಡೆದು ಬಂದರು. ಕೂರಲು ಕಲ್ಲು ತೋರಿಸಿದೆವು, ನೀರು ಕೊಟ್ಟೆವು. ನಿಲ್ಲಿಸಿ ಮಾತಾಡಿಸುವುದು ನಮ್ಮ ಪದ್ಧತಿಯಲ್ಲ. ಲಾರಿಯವನು ದಾರಿಯುದ್ದಕ್ಕೂ ಸುದ್ದಿ ಹೇಳಿಕೊಂಡು ಹೋಗಿದ್ದಾನೆ, ಬೇರೆ ಯಾರೂ ಪೆಟ್ಟಿಗೆ ಕೊಡುತ್ತಿಲ್ಲವಂತೆ. ಕೊನೆಯ ತುಂಡಿನ ಬಳ್ಳಿ ಹೂ ಬಿಡುತ್ತಿದೆಯಂತೆ. ಸಂಜೆಯೇ ಹೊಡೆಸುತ್ತೇನೆ, ಹಿಂದಿನ ದಿನ ಶೆಡ್ಡಿನ ಹಲಗೆಯ ಮೇಲೆ ಬರೆಸುತ್ತೇನೆ ಎಂದು ಐದು ಜನರ ಎದುರು ಒಪ್ಪಿಕೊಂಡರು.

ನಾನು ಇನ್ನೊಂದು ಮಾತು ಸೇರಿಸಿದೆ. "ಬೀಗದ ಕೈ ನಮ್ಮ ಅಳಿಯನ ಕೈಗೆ ವಾಪಸ್ ಬರ್ಬೇಕು. ಅಲ್ಲೀವರೆಗೂ ಪೆಟ್ಟಿಗೆ ಇಳಿಯಲ್ಲ." ಅವರು ಮುಖ ಕೆಂಪಗೆ ಮಾಡಿಕೊಂಡು ಎದ್ದುಹೋದರು. ಹೋಗಲಿ. ಮತ್ತೆ ಬರುತ್ತಾರೆ. ಮನೆ ಖಾಲಿ ಮಾಡಬೇಡಿ, ಸಾಮಾನು ಕಟ್ಟಬೇಡಿ. ನಾನು ನೋಡಿಕೊಳ್ಳುತ್ತೇನೆ.

ನಿಮ್ಮ ಅತ್ತೆ


ಮೇ ೨೯

ಅಮ್ಮನಿಗೆ,

ಸಾಮಾನು ಕಟ್ಟಿ ಆಯಿತು. ಸೈಕಲ್ ರಿಪೇರಿ ಅಂಗಡಿಯ ಮೇಲೆ ಒಂದು ಕೋಣೆ ಸಿಕ್ಕಿದೆ. ಇಡೀ ದಿನ ಕೆಳಗಿನಿಂದ ಟ್ಯೂಬಿಗೆ ಗಾಳಿ ತುಂಬುವ ಸದ್ದು. ಕಿಟಕಿ ತೆರೆದರೆ ಹಿಂದಿನ ಬಯಲು ಕಾಣುತ್ತದೆ.

ಫೆಬ್ರವರಿಯಿಂದ ನೀವಿಬ್ಬರೂ ಕಾಗದ ಬರೆದುಕೊಳ್ಳುತ್ತಿದ್ದೀರಿ. ಎಲ್ಲದರಲ್ಲೂ ನಾನಿದ್ದೇನೆ. ಅವರು "ನಿಮ್ಮ ಮಗಳು" ಅನ್ನುತ್ತಾರೆ, ನೀನು "ನನ್ನ ಮಗಳು" ಅನ್ನುತ್ತೀಯ. ನನಗೆ ಒಂದು ಸಾಲು ಯಾರೂ ಬರೆಯಲಿಲ್ಲ. ಅವರು ನನ್ನನ್ನು ತಕ್ಕಡಿಗೆ ಹಾಕಿದರೆಂದು ನೀನು ಬೈದೆ, ಸರಿಯಾಗಿಯೇ ಬೈದೆ. ಆಮೇಲೆ ನೀನೇ ನಮ್ಮಿಬ್ಬರನ್ನೂ ಹಾಕಿದೆ. ಬೀಗದ ಕೈ ಬೇಕು ಎಂದು ನಿನಗೆ ಹೇಳಿದವರು ಯಾರು? ಅವರಿಗೆ ಬೇಡ. ನನಗೂ ಬೇಡ. ಬದುವಿನ ಮೇಲೆ ನಿಂತು ಬಗ್ಗಿದ ಬೆನ್ನುಗಳನ್ನು ನೋಡುವ ಕೆಲಸಕ್ಕೆ ನನ್ನ ಗಂಡ ಮತ್ತೆ ಹೋಗುವುದಿಲ್ಲ.

ಇನ್ನೊಂದು ವಿಷಯ. ಔಷಧ ಜೇನಿನ ಮೇಲೆ ಮಾತ್ರ ಬೀಳುತ್ತಿತ್ತಾ ಅಮ್ಮ? ಬೆಳಿಗ್ಗೆ ಹೊಡೆದ ಮೇಲೆ ಅದೇ ಒದ್ದೆ ಎಲೆಗಳ ನಡುವೆ ನಮ್ಮನ್ನು ಇಳಿಸುತ್ತಿದ್ದರು, ಮೊದಲು ಹಣ್ಣು ಕೊಯ್ಯಲು, ಆಮೇಲೆ ಹೂ ಉಜ್ಜಲು. ನನ್ನ ಮೊಣಕೈವರೆಗೂ ಚರ್ಮ ಸುಲಿದಿದೆ. ಶೆಡ್ಡಿನಲ್ಲಿ ಕೆಮ್ಮದವರೇ ಇಲ್ಲ. ಸತ್ತ ಹುಳುಗಳನ್ನು ಮೊರದಲ್ಲಿ ತುಂಬಿದ್ದನ್ನು ನೀನು ನೋಡಿದೆ. ನನ್ನ ಕೈ ನೋಡಲು ಯಾರಿಗೂ ಪುರಸೊತ್ತಾಗಲಿಲ್ಲ. ನಾನು ಗೋಡೆಯ ಕಡೆ ತಿರುಗಿ ಕೂರುತ್ತಿದ್ದದ್ದು ಸಿಟ್ಟಿನಿಂದ ಎಂದು ಅವರು ತಿಳಿದಿದ್ದರು. ಸಿಟ್ಟೂ ಇತ್ತು. ಲಾರಿ ವಾಪಸ್ ಹೋದ ರಾತ್ರಿ ಕೈ ತೋರಿಸಿದೆ.

ನಿನಗೆ ಮಾತು ಕೊಟ್ಟುಹೋದ ಯಜಮಾನರು ಏನು ಮಾಡಿದರು ಗೊತ್ತಾ? ನೀನು ಇನ್ನೊಂದು ಷರತ್ತು ಹಾಕಿದ್ದೇ ನೆಪವಾಯಿತು. ಹಾಗಾದರೆ ಯಾವ ಮಾತೂ ಇಲ್ಲ ಎಂದು ಗುರುವಾರ ಬೆಳಿಗ್ಗೆಯೇ ಟ್ರ್ಯಾಕ್ಟರು ಕರೆಸಿದರು. ಹಲಗೆಯ ಮೇಲೆ ಏನೂ ಬರೆದಿರಲಿಲ್ಲ. ಕೆಲಸ ಹೋದದ್ದು ಅವರದು, ನನ್ನದಲ್ಲ. ನಾವು ಹೆಂಗಸರೆಲ್ಲ ಶೆಡ್ಡಿನಿಂದ ಎದ್ದು ಹೋಗಿ ತೋಟಕ್ಕೆ ಇಳಿಯುವ ದಾರಿಯಲ್ಲಿ ಅಡ್ಡ ಕೂತೆವು. ಯಾರು ಮೊದಲು ಕೂತರೋ ನೆನಪಿಲ್ಲ. ನಾನೇ ಇರಬಹುದು.

ಯಜಮಾನರು ಬಂದು, ಇಲ್ಲಿ ಜೇನೂ ಇಲ್ಲ, ನಿಮ್ಮ ಜೇನಿನವರೂ ಇಲ್ಲ, ಯಾರಿಗೋಸ್ಕರ ಕೂತಿದ್ದೀರಿ ಎಂದು ಕೇಳಿದರು.

ನಾನು ತೋಳಿನ ಬಟ್ಟೆ ಮೇಲೆ ಸರಿಸಿ ಎರಡೂ ಕೈ ಮುಂದೆ ಹಿಡಿದೆ. ನನ್ನ ಪಕ್ಕದವಳು ಹಿಡಿದಳು. ಆಮೇಲೆ ಎಲ್ಲರೂ. "ಇದಕ್ಕೋಸ್ಕರ" ಅಂದೆ. "ಸಂಜೆ ಹೊಡೀರಿ. ಮಾರನೇ ದಿನ ನಮ್ಮನ್ನ ಸಾಲಿಗೆ ಇಳಿಸ್ಬೇಡಿ. ಇಲ್ಲಾಂದ್ರೆ ಹಣ್ಣು ನೀವೇ ತುಂಬ್ಕೊಳ್ಳಿ."

ಟ್ರ್ಯಾಕ್ಟರಿನವನು ಎಂಜಿನ್ ಆರಿಸಿ ನಮ್ಮ ಪಕ್ಕದಲ್ಲೇ ಬಂದು ಕೂತು ಚಹಾ ಕೇಳಿದ. ಅವನ ಕೈಯೂ ಹಾಗೇ ಇತ್ತು. ಬಿಸಿಲು ನೆತ್ತಿಗೆ ಬಂತು, ಹೂ ಮುಚ್ಚಿದವು, ನಾವು ಏಳಲಿಲ್ಲ. ಹೊತ್ತು ಇಳಿದ ಮೇಲೆ ಎದ್ದು ದಾರಿ ಬಿಟ್ಟೆವು. ಆಗ ಹೊಡೆದ. ಶುಕ್ರವಾರ ಯಾರೂ ಸಾಲಿಗೆ ಇಳಿಯಲಿಲ್ಲ, ಯಾರೂ ಕೇಳಲೂ ಇಲ್ಲ. ಮುಂದಿನ ಸಲ ಹೊಡೆಯುವ ದಿನ ಈಗ ಹಲಗೆಯ ಮೇಲಿದೆ. ಬರೆದವಳು ನಾನು, ಸೀಮೆಸುಣ್ಣ ಕೊಟ್ಟವರು ಯಜಮಾನರು. ಮುಖ ಹೇಗಿತ್ತು ಎಂದು ಬಂದಾಗ ಹೇಳುತ್ತೇನೆ.

ಆದ್ದರಿಂದ ಬೀಗದ ಕೈಯ ಮಾತು ಬಿಟ್ಟು ಪೆಟ್ಟಿಗೆಗಳನ್ನು ಕೆಳಗಿಳಿಸಿ. ಟೈಲರಮ್ಮನಿಗೂ ಉಳಿದವರಿಗೂ ಬಿಸಿಲಲ್ಲಿ ಬೆಂದದ್ದು ಸಾಕು. ತೋಟದ ಹೂ ಇನ್ನೂ ಇದೆ, ಅದನ್ನು ನಿಮ್ಮ ಹಟಕ್ಕೆ ಬಾಡಿಸಬೇಡಿ.

ನಮಗೆ ಎರಡು ಪೆಟ್ಟಿಗೆ ಬೇಕು. ಕೊಡುಗೆಯಾಗಿ ಅಲ್ಲ. ಗುಂಪಿನಲ್ಲಿ ಆರನೆಯವಳಾಗಿ ನನ್ನನ್ನು ಸೇರಿಸಿಕೊಳ್ಳಿ, ಎಲ್ಲರಿಗೂ ಯಾವ ನಿಯಮವೋ ನನಗೂ ಅದೇ. ಹಿಂದಿನ ಬಯಲಿನಲ್ಲಿ ಇಡಲು ಸೈಕಲ್ ಅಂಗಡಿಯವನು ಒಪ್ಪಿದ್ದಾನೆ. ಭಾನುವಾರ ನಿನ್ನ ಅಳಿಯನನ್ನೇ ತಳ್ಳುಗಾಡಿ ಕೊಟ್ಟು ಕಳಿಸುತ್ತೇನೆ. ಜೇನು ಕಂಡರೆ ಮೊದಲಿನಿಂದಲೂ ಹೆದರುತ್ತಾರೆ, ಫೋಟೋ ತೆಗೆಸಿಕೊಂಡ ದಿನವೂ ಉಸಿರು ಬಿಗಿಹಿಡಿದು ನಿಂತಿದ್ದರು, ನಿನಗೆ ಗೊತ್ತಿಲ್ಲ. ಮುಖಕ್ಕೆ ಪರದೆ ಕೊಡು. ಕೈಗವಸು ಮಾತ್ರ ಕೊಡಬೇಡ. ಒಂದೆರಡು ಕಚ್ಚಿಸಿಕೊಳ್ಳಲಿ, ನಮ್ಮೆಲ್ಲರ ಕೈಯ ಹಾಗೆ ಅವರದೂ ಆಗಲಿ.

ನಿನ್ನ ಮಗಳು